‘ಆದರೆ’ಯ ಎರಡು ಮುಖಗಳು

ನಮ್ಮ ಭಾಷೆಯಲ್ಲಿ ‘ಆದರೆ’ ಎಂಬ ಮಾತಿಗೆ ಎರಡು ಮುಖಗಳುಂಟು. ‘ಮಳೆ ಆದರೆ ಬಿತ್ತೋಣ’ ಎನ್ನುವಾಗ ಅದು ಇನ್ನೂ ನಡೆಯದುದರ ಕಡೆಗೆ ಬಾಗಿಲು ತೆರೆಯುತ್ತದೆ. ‘ಬಿತ್ತಬೇಕೆಂದಿದ್ದೆ, ಆದರೆ ಮಳೆ ಬರಲಿಲ್ಲ’ ಎನ್ನುವಾಗ ತೆರೆದ ಬಾಗಿಲನ್ನು ಮುಚ್ಚುತ್ತದೆ. ಮಕ್ಕಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಮೊದಲನೆಯ ‘ಆದರೆ’; ದೊಡ್ಡವರ ಬಾಯಲ್ಲಿ ಎರಡನೆಯದು. ‘ಹಸುವಿಗೆ ರೆಕ್ಕೆ ಬಂದರೆ ಹಾಲು ಕರೆಯುವುದು ಹೇಗೆ?’, ‘ಸಮುದ್ರದ ನೀರೆಲ್ಲ ಸಿಹಿಯಾದರೆ ಉಪ್ಪಿಗೆ ಎಲ್ಲಿ ಹೋಗುವುದು?’ - ಇಂಥವನ್ನು ನಾವು ಹುಚ್ಚು ಪ್ರಶ್ನೆಗಳೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಇವುಗಳಿಗೂ ಉತ್ತರ ಸಲ್ಲಬೇಕು, ಅದೂ ನಗುನಗುತ್ತಾ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಸುಲಭವಾಗಿ ಬಂದವನಲ್ಲ. ಒಂದು ತಪ್ಪನ್ನು ಮಾಡಿ ಬಂದವನು.

ಇದು ಮೂವತ್ತು ವರ್ಷಗಳ ಹಿಂದಿನ ಮಾತು. ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ಕನ್ನಡ ಪಾಠ ಹೇಳುತ್ತಿದ್ದೆ. ಹೊರಗೆ ಮಧ್ಯಾಹ್ನದ ಬಿಸಿಲು. ಒಳಗೆ ಸಂಧಿ ಪ್ರಕರಣ. ಮಕ್ಕಳ ಕಣ್ಣುಗಳು ಅರ್ಧ ಮುಚ್ಚಿದ್ದವು. ಆಗ ಹಿಂದಿನ ಸಾಲಿನಿಂದ ಹುಡುಗನೊಬ್ಬ ಎದ್ದು ನಿಂತು, “ಸಾರ್, ಭೂಮಿಯ ಮೇಲಿರುವ ಜನರೆಲ್ಲ ಒಂದೇ ಸಲ ನೆಗೆದರೆ ಭೂಮಿ ಅಲುಗುತ್ತದೆಯೇ?” ಎಂದು ಕೇಳಿದ. ಸಂಧಿಗೂ ಆ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ. ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. “ಮೊದಲು ನೀನು ಕುಳಿತುಕೊ, ಭೂಮಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹುಡುಗ ಮಾತ್ರ ನಗದೆ ಕುಳಿತುಕೊಂಡ. ಆ ವರ್ಷ ಮುಗಿಯುವವರೆಗೆ ಅವನು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ನನ್ನ ಮಾತಿನ ಚಮತ್ಕಾರವನ್ನು ನಾನು ಅಂದು ಅಧ್ಯಾಪಕರ ಕೊಠಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಈಗ ನಾನು ನಿವೃತ್ತ. ಸಂಜೆಯ ವೇಳೆ ನಾವು ನಾಲ್ಕಾರು ಮಂದಿ ಗೆಳೆಯರು ಒಬ್ಬರ ಮನೆಯ ಜಗಲಿಯಲ್ಲಿ ಸೇರುತ್ತೇವೆ. ಮಳೆ, ಬೆಲೆಯೇರಿಕೆ, ಮಂಡಿನೋವು ಈ ಮೂರು ವಿಷಯಗಳೂ ಮುಗಿದ ಮೇಲೆ ಯಾರಾದರೊಬ್ಬರು ಹುಚ್ಚು ಪ್ರಶ್ನೆಯೊಂದನ್ನು ನಡುವೆ ಎಸೆಯುವುದು ವಾಡಿಕೆ. ಒಂದು ಸಂಜೆ ಗೆಳೆಯರೊಬ್ಬರು ತಮ್ಮ ಮೊಮ್ಮಗ ಕೇಳಿದನೆಂದು ಅದೇ ಪ್ರಶ್ನೆಯನ್ನು ತಂದರು: “ಜನರೆಲ್ಲ ಒಂದೇ ಸಲ ನೆಗೆದರೆ?” ನನ್ನ ಎದೆ ಧಸಕ್ಕೆಂದಿತು. ಉಳಿದವರಿಗೆ ಮಾತ್ರ ಹಬ್ಬ.

ಭೂಗೋಳ ಕಲಿಸಿದವರು ಮೊದಲು ಬಾಯಿ ತೆರೆದರು. “ನೆಗೆಯುವ ಮೊದಲು ನಿಲ್ಲಲು ಸ್ಥಳ ಬೇಕಲ್ಲ! 2022ರಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿಯನ್ನು ಮುಟ್ಟಿತು. ಚದರ ಮೀಟರಿಗೆ ನಾಲ್ವರಂತೆ ನಿಲ್ಲಿಸಿದರೆ 2,000 ಚದರ ಕಿಲೋಮೀಟರ್ ಸಾಕು. ಬೆಂಗಳೂರು ನಗರ ಜಿಲ್ಲೆಯೊಂದೇ ಸುಮಾರು 2,200 ಚದರ ಕಿಲೋಮೀಟರ್ ಇದೆ. ಕಟ್ಟಡಗಳನ್ನು ಪಕ್ಕಕ್ಕೆ ಸರಿಸಿದರೆ ಎಲ್ಲರನ್ನೂ ಅಲ್ಲಿ ಹಿಡಿಸಬಹುದು.” “ಹಿಡಿಸಬಹುದು, ಸ್ವಾಮಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡುವವರು ಯಾರು?” ಎಂದರು ಮನೆಯ ಯಜಮಾನರು. ವ್ಯಾಯಾಮ ಶಿಕ್ಷಕರು ತಲೆಯಾಡಿಸಿದರು: “ಸ್ವಾತಂತ್ರ್ಯೋತ್ಸವದ ಕವಾಯತಿನಲ್ಲಿ ನಲವತ್ತು ಮಕ್ಕಳ ಎಡಗಾಲನ್ನು ಒಂದೇ ಸಲ ಎತ್ತಿಸಲು ನನ್ನ ಸೇವಾವಧಿಯೆಲ್ಲ ಸಾಲದಾಯಿತು. 800 ಕೋಟಿ ಜನರಲ್ಲಿ ಅರ್ಧದಷ್ಟು ಮಂದಿ ‘ಎರಡು’ ಎನ್ನುವಾಗಲೇ ನೆಗೆದುಬಿಡುತ್ತಾರೆ.” ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, “ಸುತ್ತೋಲೆ ಎಲ್ಲರಿಗೂ ತಲುಪುವ ವೇಳೆಗೆ ನೆಗೆಯಬೇಕಾದ ದಿನಾಂಕವೇ ಕಳೆದಿರುತ್ತದೆ” ಎಂದರು.

ವಿಜ್ಞಾನದ ಮೇಷ್ಟ್ರು ಇಷ್ಟು ಹೊತ್ತು ಮೌನವಾಗಿ ಲೆಕ್ಕ ಹಾಕುತ್ತಿದ್ದರು. “ತಲೆಗೆ 50 ಕಿಲೋಗ್ರಾಂ ಹಿಡಿದರೆ ಮನುಷ್ಯರೆಲ್ಲರ ಒಟ್ಟು ತೂಕ 40,000 ಕೋಟಿ ಕಿಲೋಗ್ರಾಂ. ಭೂಮಿಯ ತೂಕವೋ, 6ರ ಮುಂದೆ 24 ಸೊನ್ನೆಗಳನ್ನು ಬರೆಯಬೇಕು. ಎಂದರೆ ಭೂಮಿ ನಮ್ಮೆಲ್ಲರಿಗಿಂತ ಸುಮಾರು 15 ಲಕ್ಷ ಕೋಟಿ ಪಟ್ಟು ಭಾರ. ನೆಗೆಯುವವನು ನೆಲವನ್ನು ಒತ್ತಿಯೇ ನೆಗೆಯಬೇಕಾದ್ದರಿಂದ ಭೂಮಿ ಅಲುಗುವುದೇನೋ ನಿಜ. ಆದರೆ ನಾವೆಲ್ಲ ಒಂದೆಡೆ ನಿಂತು ಒಂದಡಿ ಎತ್ತರ ನೆಗೆದರೂ ಅದು ಸರಿಯುವುದು ಒಂದು ಪರಮಾಣುವಿನ ಅಗಲದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ನಾವು ಕೆಳಗಿಳಿದೊಡನೆ ಅದೂ ಸ್ವಸ್ಥಾನಕ್ಕೆ ಮರಳುತ್ತದೆ. ಮನುಷ್ಯಕುಲವೆಲ್ಲ ನೆಗೆಯಿತೆಂಬ ಸುದ್ದಿ ಭೂಮಿಗೆ ಮರುದಿನದ ಪತ್ರಿಕೆ ಓದಿಯೇ ತಿಳಿಯಬೇಕು!” ಮಂಡಿನೋವಿನ ಗೆಳೆಯರು ಕೂಡಲೇ, “ಹಾಗಿದ್ದರೆ ನನ್ನನ್ನು ಬಿಟ್ಟೇ ನೆಗೆಯಿರಿ, ಲೆಕ್ಕ ಕೆಡಲಾರದು” ಎಂದರು. ಜಗಲಿಯೇ ಅಲುಗುವಂತೆ ನಕ್ಕೆವು.

ಮನೆಗೆ ಮರಳುವಾಗ ನನಗೆ ಆ ಹುಡುಗನ ನೆನಪು ಬಂದಿತು. ಅಂದು ತರಗತಿಯಲ್ಲಿಯೂ ನಗು ಇತ್ತು, ಇಂದು ಜಗಲಿಯಲ್ಲಿಯೂ ನಗು ಇತ್ತು. ಆದರೂ ಎರಡಕ್ಕೂ ಎಷ್ಟು ಅಂತರ! ಜಗಲಿಯ ಗೆಳೆಯರು ಉತ್ತರ ಕೊಟ್ಟದ್ದು ಪ್ರಶ್ನೆಗೆ. ನಾನು ಉತ್ತರ ಕೊಟ್ಟದ್ದು ಪ್ರಶ್ನೆ ಕೇಳಿದವನಿಗೆ. ಅವರ ಹಾಸ್ಯ ಪ್ರಶ್ನೆಯನ್ನು ಎತ್ತಿಕೊಂಡು ಆಡಿಸಿತು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೆಗಲು ಕೊಟ್ಟಿತು. ನನ್ನ ಹಾಸ್ಯ ಪ್ರಶ್ನೆಯ ಬಾಯಿಗೆ ಬೀಗ ಹಾಕಿತು. ಅದರ ಬಳಿಕ ಯಾರೂ ಏನನ್ನೂ ಹೇಳುವಂತಿರಲಿಲ್ಲ. ನಗೆಮಾತು ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಲು ನಕ್ಕವರ ಸಂಖ್ಯೆಯನ್ನು ಎಣಿಸಿದರೆ ಸಾಲದು. ಕೇಳಿದವನು ನಕ್ಕನೇ ಎಂಬುದನ್ನು ನೋಡಬೇಕು.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. ‘ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನಬಹುದು’ ಎಂಬ ಗಾದೆಯನ್ನು ನಾವು ಇಂಥ ಪ್ರಶ್ನೆಗಳನ್ನು ತಳ್ಳಿಹಾಕಲು ಬಳಸುತ್ತೇವೆ. ಆದರೆ ಅದನ್ನು ಕಟ್ಟಿದವನು ಮೀಸೆ ಹೊತ್ತ ಚಿಕ್ಕಮ್ಮನನ್ನು ಕಣ್ಣಮುಂದೆ ತಂದುಕೊಂಡು ನಕ್ಕಿರದೆ ಇರಲಾರ. ವೈದ್ಯರಾಗಿದ್ದ ‘ರಾಶಿ’ಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆ ಕಾಲು ಶತಮಾನ ಕಾಲ ನಾಡನ್ನು ನಗಿಸಿತು. ‘ಬೀಚಿ’ ಎಂದೇ ಪ್ರಸಿದ್ಧರಾದ ರಾಯಸಂ ಭೀಮಸೇನರಾಯರು (1913-1980) ಪತ್ರಿಕೆಯಲ್ಲಿ ಓದುಗರ ಬಗೆಬಗೆಯ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಪ್ರಶ್ನೆ ಎಷ್ಟೇ ವಕ್ರವಾಗಿದ್ದರೂ ಅದಕ್ಕೆ ತಕ್ಕ ಉತ್ತರ ಬಂದೇ ಬರುತ್ತದೆ ಎಂಬ ನಂಬಿಕೆ ಇಲ್ಲದಿದ್ದರೆ ಅಷ್ಟು ಜನ ಬರೆಯುತ್ತಿದ್ದರೆ?

‘ಇದೆಲ್ಲ ಕಾಲಹರಣವಲ್ಲವೆ?’ ಎಂದು ಕೇಳುವವರುಂಟು. ಆಲ್ಬರ್ಟ್ ಐನ್‌ಸ್ಟೈನ್ ಹದಿನಾರು ವರ್ಷದ ಹುಡುಗನಾಗಿದ್ದಾಗ, ಬೆಳಕಿನ ಕಿರಣವನ್ನು ಬೆಳಕಿನ ವೇಗದಲ್ಲಿಯೇ ಬೆನ್ನಟ್ಟಿದರೆ ಏನು ಕಂಡೀತು ಎಂದು ಆಲೋಚಿಸಿದ. ಆ ಆಲೋಚನೆಯಲ್ಲಿದ್ದ ತೊಡಕು 1905ರಲ್ಲಿ ಅವನು ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತಕ್ಕೆ ದಾರಿಯಾಯಿತು. ಹಾಗೆಂದು ಪ್ರತಿಯೊಂದು ಹುಚ್ಚು ಪ್ರಶ್ನೆಯೂ ಸಿದ್ಧಾಂತವಾಗಿ ಬೆಳೆಯುತ್ತದೆಂದು ನಾನು ಹೇಳಲಾರೆ. ಹಸುವಿಗೆ ರೆಕ್ಕೆ ಬಂದರೆ ಹಾಲಿನ ಬೆಲೆ ಏರುವುದೇ ಹೊರತು ವಿಜ್ಞಾನ ಬೆಳೆಯದು. ಬೆಳೆಯಬೇಕಾದುದೂ ಇಲ್ಲ. ಲಾಭವಿಲ್ಲದೆ ಕೇಳಿದ ಪ್ರಶ್ನೆಗೆ ಲಾಭವಿಲ್ಲದೆ ಉತ್ತರ ಕೊಡುವುದೇ ಸ್ನೇಹದ ಒಂದು ಲಕ್ಷಣ. ನಾಳೆ ನಿಜವಾದ ಕಷ್ಟವೊಂದನ್ನು ಹೇಳಿಕೊಳ್ಳಬೇಕಾದಾಗ ಮನುಷ್ಯ ಹುಡುಕಿಕೊಂಡು ಹೋಗುವುದು, ನಿನ್ನೆ ತನ್ನ ಹುಚ್ಚು ಪ್ರಶ್ನೆಯನ್ನು ಅಲ್ಲಗಳೆಯದೆ ಕೇಳಿದವರನ್ನೇ.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನಿಗೂ ಮಕ್ಕಳಿರಬಹುದು, ಆ ಮಕ್ಕಳು ಒಂದು ದಿನ ಅವನ ಮುಂದೆ ನಿಂತು ‘ಹಾಗಾದರೆ?’, ‘ಹೀಗಾದರೆ?’ ಎಂದು ಕೇಳಬಹುದು. ಆಗ ಅವನ ಬಾಯಿಂದ ಯಾವ ‘ಆದರೆ’ ಹೊರಡುವುದೋ ನಾನರಿಯೆ. ನನ್ನಿಂದ ಕಲಿತ ‘ಆದರೆ’ಯನ್ನು ಅವನು ಮರೆತಿರಲಿ ಎಂದು ಹಾರೈಸುತ್ತೇನೆ. ಅವನು ಎಂದಾದರೂ ಎದುರಾದರೆ ವಿಜ್ಞಾನದ ಮೇಷ್ಟ್ರ ಲೆಕ್ಕವನ್ನು ಅವನಿಗೆ ಒಪ್ಪಿಸಬೇಕು. ತಡವಾಯಿತು, ನಿಜ, ಆದರೂ ಅದು ಅವನಿಗೆ ಸಲ್ಲಬೇಕಾದ ಉತ್ತರ.