ಕಂಡ ಚಿತ್ರ, ಕಟ್ಟಿದ ಚಿತ್ರ

ವಿಜ್ಞಾನಿಯ ಜೀವನವೆಂದರೆ ದಿನಕ್ಕೊಂದು ಹೊಸ ಸಂಗತಿಯನ್ನು ಕಂಡುಹಿಡಿಯುವ ಜೀವನವೆಂದು ಅನೇಕರು ಭಾವಿಸಿರುವರು. ಅದು ನಿಜವಾಗಿದ್ದರೆ ಎಷ್ಟೋ ಸೊಗಸಾಗಿರುತ್ತಿತ್ತು! ಪ್ರಯೋಗಶಾಲೆಯ ಕೆಲಸದಲ್ಲಿ ಬಹುಭಾಗವು ಅಡುಗೆಮನೆಯ ಕೆಲಸವನ್ನೇ ಹೋಲುವುದು. ಪಾತ್ರೆಗಳನ್ನು ತೊಳೆಯುವುದು, ತೂಕ ಅಳತೆಗಳನ್ನು ನೋಡುವುದು, ಒಲೆಯ ಮೇಲಿಟ್ಟುದು ಹದಕ್ಕೆ ಬರುವವರೆಗೆ ಕಾದಿರುವುದು, ಬಾರದಿದ್ದರೆ ಚೆಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವುದು, ಇವೇ ನಮ್ಮ ದಿನಚರಿ. ಗೃಹಿಣಿಯು ರಾತ್ರಿ ಹಾಲಿಗೆ ಹೆಪ್ಪುಹಾಕಿ ಬೆಳಗ್ಗೆ ಮುಚ್ಚಳ ತೆಗೆದು ನೋಡುವ ಕುತೂಹಲಕ್ಕೂ, ನಾವು ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ಮರುದಿನ ನೋಡುವ ಕುತೂಹಲಕ್ಕೂ ಹೆಚ್ಚಿನ ಭೇದವಿಲ್ಲ. ಮೊಸರು ಹುಳಿಯಾದರೆ ಮಜ್ಜಿಗೆಹುಳಿಗಾದರೂ ಆದೀತು. ನಮ್ಮದು ಕೆಟ್ಟರೆ ಚರಂಡಿಗೇ ಸರಿ. ಆದರೂ ಕೆಟ್ಟುದನ್ನು ಕೆಟ್ಟುದೆಂದೇ ದಿನದ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಕಂಡುದನ್ನು ಕಂಡಂತೆ ಬರೆಯುವುದು, ಕಾಣದುದನ್ನು ಬರೆಯದಿರುವುದು, ನಮ್ಮ ಕಸುಬಿನ ಧರ್ಮವೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ.

ಇಂತಹ ಕಟ್ಟುನಿಟ್ಟಿನಲ್ಲಿ ಹಗಲನ್ನು ಕಳೆದವರಿಗೆ ಸಂಜೆಯ ಹೊತ್ತು ಸ್ವಲ್ಪ ವಿನೋದವು ಬೇಕೆನಿಸುವುದು ಸಹಜವಷ್ಟೆ. ಕೆಲವರು ವೀಣೆ ನುಡಿಸುವರು. ಕೆಲವರು ಕೈತೋಟದಲ್ಲಿ ಮಣ್ಣು ಕೆದಕುವರು. ಈಚಿನ ಕೆಲವು ವರ್ಷಗಳಿಂದ ನಮ್ಮಲ್ಲಿ ಹಲವರಿಗೆ ಇನ್ನೊಂದು ಆಟಿಕೆಯು ದೊರೆತಿದೆ. ಅದು ಕೃತಕ ಬುದ್ಧಿಯ ಚಿತ್ರಯಂತ್ರ. 'ಆನೆಯು ಮಾಳಿಗೆಯ ಮೇಲೆ ಕುಳಿತು ಹಪ್ಪಳ ಒಣಗಿಸುತ್ತಿದೆ' ಎಂದು ಗಣಕಯಂತ್ರದಲ್ಲಿ ಬರೆದುಕೊಟ್ಟರೆ, ಕಾಫಿಯ ಲೋಟವು ಆರುವುದರೊಳಗಾಗಿ ಆನೆಯೂ ಮಾಳಿಗೆಯೂ ಹಪ್ಪಳವೂ ಕಣ್ಣೆದುರಿಗೆ ಬಂದು ನಿಲ್ಲುವುವು. 2021ನೆಯ ಇಸವಿಯ ಜನವರಿಯಲ್ಲಿ ಅಮೆರಿಕದ ಓಪನ್‌ಎಐ ಎಂಬ ಸಂಸ್ಥೆಯು ಡಾಲ್-ಈ ಎಂಬ ಇಂತಹ ಯಂತ್ರವನ್ನು ಲೋಕಕ್ಕೆ ಪ್ರಕಟಪಡಿಸಿತು. 2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬುವು ಸಾಮಾನ್ಯ ಜನರ ಕೈಗೂ ಬಂದುವು.

ಇದು ನಡೆಯುವ ಬಗೆಯನ್ನು ತಿಳಿಯಲು ಹೊಸಲಿನ ಮುಂದಣ ರಂಗೋಲಿಯನ್ನು ನೆನೆದರೆ ಸಾಕು. ಬಂದುಹೋಗುವವರು ಒಬ್ಬೊಬ್ಬರಾಗಿ ತುಳಿಯುತ್ತಿರಲು ಗೆರೆಗಳು ಕದಡುತ್ತ ಕದಡುತ್ತ ಸಂಜೆಗೆ ಬರಿಯ ಬಿಳಿಯ ಹುಡಿಯು ಮಾತ್ರ ಉಳಿಯುವುದು. ಆದರೆ ಸಾವಿರಾರು ರಂಗೋಲಿಗಳನ್ನು ಕಂಡಿರುವ ಮನೆಯ ಅಜ್ಜಿಯವರು, ಅರೆ ಅಳಿಸಿದುದನ್ನು ನೋಡಿಯೇ ಮೊದಲು ಅದು ಹೇಗಿತ್ತೆಂಬುದನ್ನು ಹೇಳಬಲ್ಲರು. ಯಂತ್ರಕ್ಕೆ ಕಲಿಸುವುದೂ ಇದನ್ನೇ. ಒಂದು ಚಿತ್ರದ ಮೇಲೆ ಹಂತಹಂತವಾಗಿ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು ಎರಚಿ ಕದಡುವರು. ಎರಚಿದುದನ್ನು ಊಹಿಸಿ ಕಳೆಯುವುದನ್ನು ಯಂತ್ರಕ್ಕೆ ಅಭ್ಯಾಸ ಮಾಡಿಸುವರು. ಹೀಗೆ ಕೋಟಿಗಟ್ಟಲೆ ಚಿತ್ರಗಳಿಂದ ಅಭ್ಯಾಸವಾದ ಮೇಲೆ ಬರಿಯ ಚುಕ್ಕೆಗಳನ್ನೇ ಅದರ ಮುಂದಿಟ್ಟು, 'ಇದರಲ್ಲೊಂದು ಆನೆಯಿತ್ತು, ತೆಗೆದುಕೊಡು' ಎನ್ನುವರು. ಇಲ್ಲದ ಆನೆಯನ್ನು ಅದು ತೆಗೆದುಕೊಡುವುದು! ಈ ವಿಧಾನವನ್ನು 2015ರಲ್ಲಿ ಸೂಚಿಸಿದರು. 2020ರಲ್ಲಿ ಅದು ಬಹಳ ಸುಧಾರಿಸಿತು. ಅಭ್ಯಾಸಕ್ಕಾಗಿ 2022ರಲ್ಲಿ ಪ್ರಕಟವಾದ ಲೇಯಾನ್ ಎಂಬ ಒಂದು ಪಟ್ಟಿಯಲ್ಲಿಯೇ ಸುಮಾರು 585 ಕೋಟಿ ಚಿತ್ರಗಳೂ ಅವುಗಳಿಗೆ ಜನರು ಬರೆದ ವಿವರಣೆಗಳೂ ನಮೂದಾಗಿದ್ದುವು.

ಈ ಯಂತ್ರದ ಜಾಣತನಕ್ಕಿಂತಲೂ ಅದರ ಪೆದ್ದುತನವೇ ನನಗೆ ಹೆಚ್ಚು ರುಚಿಸುವುದು. ನಾಲ್ಕು ಗಂಟೆ ತೋರಿಸುವ ಗಡಿಯಾರವನ್ನು ಬರೆಯೆಂದು ಕೇಳಿದರೂ ಇಂತಹ ಯಂತ್ರಗಳು ಬಹುಕಾಲ ಹತ್ತು ಗಂಟೆ ಹತ್ತು ನಿಮಿಷವನ್ನೇ ತೋರಿಸುತ್ತಿದ್ದುವು. ಕಾರಣವಿಷ್ಟೆ: ಗಡಿಯಾರದ ಜಾಹೀರಾತುಗಳಲ್ಲಿ ಮುಳ್ಳುಗಳನ್ನು ಚೆಂದಕ್ಕಾಗಿ ಹಾಗೆ ನಿಲ್ಲಿಸುವ ವಾಡಿಕೆ; ಯಂತ್ರವು ಕಂಡುದು ಆ ಜಾಹೀರಾತುಗಳನ್ನೇ. 'ಆನೆಯಿಲ್ಲದ ಕೋಣೆ' ಎಂದರೆ ಕೋಣೆಯ ನಡುವೆ ಆನೆಯನ್ನು ತಂದು ನಿಲ್ಲಿಸುತ್ತಿತ್ತು. ತಮ್ಮ ಚಿತ್ರದಲ್ಲಿ ಏನಿಲ್ಲವೆಂಬುದನ್ನು ಯಾರು ತಾನೆ ವಿವರಣೆಯಲ್ಲಿ ಬರೆಯುವರು? ಆದುದರಿಂದ 'ಇಲ್ಲ' ಎಂಬ ಮಾತಿನ ಬೆಲೆಯು ಅದಕ್ಕೆ ತಿಳಿಯಲಿಲ್ಲ. ಕೈಗೆ ಆರು ಬೆರಳುಗಳನ್ನಿಡುವುದು ಇನ್ನೊಂದು ಪ್ರಸಿದ್ಧ ತಪ್ಪು. ಕನ್ನಡದಲ್ಲಿ ಒಂದು ಫಲಕವನ್ನು ಬರೆಯೆಂದರಂತೂ, ತಲೆಕಟ್ಟು, ಕೊಂಬು, ಒತ್ತುಗಳೆಲ್ಲ ಇದ್ದು, ಆದರೆ ಯಾವ ಅಕ್ಷರವೂ ಅಲ್ಲದ ಒಂದು ಸಾಲು ಬಂದು, ನೋಡಿದವರು ನಗುವಂತಾಗುತ್ತಿತ್ತು. ಇವುಗಳಲ್ಲಿ ಹಲವು ದೋಷಗಳು ಹೊಸ ಯಂತ್ರಗಳಲ್ಲಿ ಬಹುಮಟ್ಟಿಗೆ ಕಡಿಮೆಯಾಗಿರುವುವು.

ಅಮೆರಿಕದಲ್ಲಿ ಜಾನೆಲ್ ಶೇನ್ ಎಂಬ ವಿಜ್ಞಾನಿಯೊಬ್ಬರಿರುವರು. ಅವರ ಉದ್ಯೋಗ ಬೆಳಕಿನ ಶಾಸ್ತ್ರಕ್ಕೆ ಸಂಬಂಧಿಸಿದುದು. ವಿನೋದವು ಯಂತ್ರಬುದ್ಧಿಯ ಇಂತಹ ಪೆದ್ದುತನಗಳನ್ನು ಕಲೆಹಾಕುವುದು. 2019ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನೂ ಬರೆದರು. ಚಿತ್ರಗಳನ್ನು ಗುರುತಿಸುವ ಯಂತ್ರವೊಂದು ಬರಿಯ ಹಸುರು ಗುಡ್ಡವನ್ನು ಕಂಡು 'ಕುರಿಗಳು ಮೇಯುತ್ತಿವೆ' ಎಂದುದನ್ನೂ, ಕುರಿಯನ್ನು ಮನೆಯೊಳಗೆ ತಂದರೆ ಬೆಕ್ಕೆಂದೂ, ತೋಳಿನಲ್ಲಿ ಎತ್ತಿಕೊಂಡರೆ ನಾಯಿಯೆಂದೂ ಹೇಳಿದುದನ್ನೂ 2018ರಲ್ಲಿ ಅವರು ತಿಳಿಸಿದರು. ನಕ್ಕು ಮುಗಿದ ಮೇಲೆ ಇದರಲ್ಲೊಂದು ಪಾಠವು ಉಳಿಯುವುದು. ಯಂತ್ರವು ಕುರಿಯನ್ನು ಕಂಡಿರಲೇ ಇಲ್ಲ. ಕುರಿಯು ಸಾಮಾನ್ಯವಾಗಿ ಎಲ್ಲಿರುವುದೋ ಆ ಹಸುರನ್ನು ಕಂಡಿತ್ತು. ನಮ್ಮ ಕಣ್ಣುಗಳೂ ಎಷ್ಟೋ ವೇಳೆ ಹೀಗೆಯೇ ನಡೆದುಕೊಳ್ಳುವುವಲ್ಲವೆ? ನಿರೀಕ್ಷಿಸಿದುದನ್ನು ಕಾಣುವುದು ಸುಲಭ. ಇರುವುದನ್ನು ಕಾಣುವುದು ಕಷ್ಟ.

ಇರುವುದನ್ನು ಕಾಣುವ ಅಭ್ಯಾಸವು ಹೇಗೆ ಬರುವುದೆಂಬುದಕ್ಕೆ ಸ್ಪೇನ್ ದೇಶದ ರಾಮೋನ್ ಈ ಕಹಾಲ್ ಅವರು ಒಳ್ಳೆಯ ನಿದರ್ಶನ. 1852ರಲ್ಲಿ ಹುಟ್ಟಿದ ಇವರಿಗೆ ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂಬ ಹಂಬಲವಿತ್ತು. ವೈದ್ಯರಾದ ತಂದೆಗೆ ಅದು ಸರಿಬೀಳಲಿಲ್ಲ. ಮಗನು ವೈದ್ಯವಿದ್ಯೆಯನ್ನು ಕಲಿತರೂ ಕುಂಚದ ಆಸೆಯು ಸಾಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಮಿದುಳಿನ ನರಕೋಶಗಳನ್ನು ತಮ್ಮ ಕೈಯಿಂದಲೇ ಚಿತ್ರಿಸುತ್ತ ಬಂದರು. ನರಮಂಡಲವು ಒಂದೇ ಹೆಣಿಗೆಯ ಬಲೆಯೆಂದು ಆಗ ಅನೇಕರು ನಂಬಿದ್ದರು. ಅದು ಬೇರೆಬೇರೆಯಾದ ಕೋಶಗಳಿಂದ ಆದುದೆಂದು ಕಹಾಲ್ ಅವರು ತೋರಿಸಿದರು. 1906ರಲ್ಲಿ ಅವರಿಗೂ ಇಟಲಿಯ ಗಾಲ್ಜಿಯವರಿಗೂ ಕೂಡಿ ನೊಬೆಲ್ ಪಾರಿತೋಷಕವು ದೊರೆಯಿತು. 1943ರಲ್ಲಿ ಮೆಕಲಕ್, ಪಿಟ್ಸ್ ಎಂಬ ಇಬ್ಬರು ನರಕೋಶದ ವರ್ತನೆಯನ್ನು ಗಣಿತದ ಭಾಷೆಯಲ್ಲಿ ಬರೆದರು. ಇಂದಿನ ಯಂತ್ರಬುದ್ಧಿಯು ಆ ಬಳ್ಳಿಯಲ್ಲಿ ಬಿಟ್ಟ ಕಾಯಿಯೇ ಸರಿ. ಅಂದು ಮನುಷ್ಯನು ನರಕೋಶದ ಚಿತ್ರವನ್ನು ಬರೆದನು; ಇಂದು ನರಕೋಶದ ಅನುಕರಣೆಯು ಮನುಷ್ಯನ ಚಿತ್ರವನ್ನು ಬರೆಯುತ್ತಿದೆ!

ಇಲ್ಲಿಯವರೆಗಿನದು ವಿನೋದದ ಮಾತಾಯಿತು. ಈಗ ಕಳವಳದ ಮಾತೊಂದನ್ನು ಹೇಳದೆ ವಿಧಿಯಿಲ್ಲ. ಹಪ್ಪಳ ಒಣಗಿಸುವ ಆನೆಯನ್ನು ಯಾರೂ ನಿಜವೆಂದು ನಂಬುವುದಿಲ್ಲ. ಆದುದರಿಂದ ಅದು ಯಾರಿಗೂ ಕೇಡು ಮಾಡುವುದಿಲ್ಲ. ಆದರೆ 2023ರ ಮಾರ್ಚಿಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಉಬ್ಬಿದ ಬಿಳಿಯ ಕೋಟು ತೊಟ್ಟಂತೆ ಯಂತ್ರದಿಂದ ಬರೆಯಿಸಿದ ಚಿತ್ರವೊಂದು ಹೊರಟಿತು. ಬರೆಯಿಸಿದವನು ತಮಾಷೆಗಾಗಿ ಬರೆಯಿಸಿದನು. ಕಂಡವರಲ್ಲಿ ಅನೇಕರು ನಿಜವೆಂದೇ ನಂಬಿದರು. ಅದೇ ವರ್ಷದ ಮೇ 22ರಂದು ಅಮೆರಿಕದ ಸೇನಾ ಕಚೇರಿಯಾದ ಪೆಂಟಗನ್ನಿನ ಬಳಿ ಸ್ಫೋಟವಾದಂತೆ ಕಟ್ಟಿದ ಚಿತ್ರವು ಹರಡಿ, ಷೇರು ಪೇಟೆಯು ಕೆಲವು ನಿಮಿಷಗಳ ಕಾಲ ಕುಸಿದು ಚೇತರಿಸಿಕೊಂಡಿತು.

ವಿಜ್ಞಾನದ ಮನೆಯೂ ಇದಕ್ಕೆ ಹೊರತಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಜೀವಕೋಶಗಳಿಗೆ ಸಂಬಂಧಪಟ್ಟ ಒಂದು ವಿದ್ವತ್ಪತ್ರಿಕೆಯಲ್ಲಿ ಇಲಿಯ ಅಂಗರಚನೆಯ ಚಿತ್ರವೊಂದು ಅಚ್ಚಾಯಿತು. ಅದನ್ನು ಬರೆದುದು ಯಂತ್ರ. ಅಂಗಗಳು ಪ್ರಕೃತಿಯಲ್ಲೆಲ್ಲಿಯೂ ಕಾಣದ ಗಾತ್ರದವು. ಪಕ್ಕದಲ್ಲಿದ್ದ ಹೆಸರುಗಳಲ್ಲಿ ಹೆಚ್ಚಿನವು ಯಾವ ಭಾಷೆಯವೂ ಅಲ್ಲ. ಯಂತ್ರವನ್ನು ಬಳಸಿದುದಾಗಿ ಲೇಖಕರು ಬರೆದೇ ಇದ್ದರು. ಆದರೂ ಪರೀಕ್ಷಿಸಬೇಕಾದವರ ಕಣ್ಣಿನಿಂದ ಅದು ದಾಟಿ ಬಂದಿತು. ಓದುಗರು ಗುಲ್ಲೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಪತ್ರಿಕೆಯು ಆ ಲೇಖನವನ್ನು ಹಿಂತೆಗೆದುಕೊಂಡಿತು. ಕಥೆಯು ನಗೆಯನ್ನು ತರುವಂತಹುದೇ. ಆದರೆ ಆ ಬೆರಳೆಣಿಕೆಯ ತಪ್ಪುಗಳೂ ಇಲ್ಲದಂತೆ ಯಂತ್ರವು ಬರೆಯಬಲ್ಲ ಕಾಲದಲ್ಲಿ ಗುಲ್ಲೆಬ್ಬಿಸುವವರು ಯಾರು? ವಿಜ್ಞಾನದಲ್ಲಿ ಚಿತ್ರವೆಂಬುದು ಸಾಕ್ಷಿ. ದೂರದ ಊರಿನ ವೈದ್ಯನು ಆ ಸಾಕ್ಷಿಯನ್ನು ನಂಬಿ ಔಷಧವನ್ನು ಕೊಡುವನು. ಕಾಣದುದನ್ನು ಕಂಡೆನೆಂದು ಹೇಳುವ ಸಾಕ್ಷಿಯು ಎಷ್ಟು ಸುಂದರವಾಗಿದ್ದರೂ ಸುಳ್ಳು ಸಾಕ್ಷಿಯೇ.

ಚಿತ್ರಕಾರರ ದುಃಖವು ಬೇರೊಂದು ಬಗೆಯದು. 1894ರಲ್ಲಿ ರಾಜಾ ರವಿವರ್ಮ ಅವರು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದಾಗ, ಅರಮನೆಯ ಗೋಡೆಗೆ ಮೀಸಲಾಗಿದ್ದ ಲಕ್ಷ್ಮೀ ಸರಸ್ವತಿಯರು ಬಡವರ ದೇವರ ಗೂಡಿಗೂ ಬಂದರು. ಅಲ್ಲಿ ಯಂತ್ರವಿದ್ದರೂ ಅದರ ಹಿಂದೆ ಒಂದು ಕೈಯೂ ಒಂದು ಹೆಸರೂ ಇದ್ದುವು. ಈಗಿನ ಯಂತ್ರವಾದರೋ ಲಕ್ಷಾಂತರ ಜನರ ಕೈಕೆಲಸವನ್ನು ಕೇಳದೆಯೇ ಓದಿ ಕಲಿತುಕೊಂಡು, ಯಾರ ಹೆಸರನ್ನೂ ಹೇಳದೆ ಚಿತ್ರವನ್ನು ನೀಡುವುದು. 2023ರ ಜನವರಿಯಲ್ಲಿ ಮೂವರು ಕಲಾವಿದರು ಈ ವಿಷಯವಾಗಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಮತ್ತೊಂದು ನ್ಯಾಯಾಲಯವು, ಮನುಷ್ಯನ ಕರ್ತೃತ್ವವಿಲ್ಲದೆ ಯಂತ್ರವೇ ರಚಿಸಿದ ಚಿತ್ರಕ್ಕೆ ಕೃತಿಸ್ವಾಮ್ಯವು ಸಲ್ಲದೆಂದು ತೀರ್ಪಿತ್ತಿತು. ನ್ಯಾಯವು ತನ್ನ ದಾರಿಯಲ್ಲಿ ನಡೆಯಲಿ. ಮದುವೆಯ ಆಮಂತ್ರಣಕ್ಕೋ ಅಂಗಡಿಯ ಫಲಕಕ್ಕೋ ಚಿತ್ರ ಬೇಕಾದಾಗ, ಆ ಕಸುಬಿನಿಂದ ಜೀವಿಸುವ ಒಬ್ಬರು ಪಕ್ಕದ ಬೀದಿಯಲ್ಲಿರುವರೆಂಬುದನ್ನು ನೆನೆಯುವುದು ಮಾತ್ರ ನಮ್ಮ ಕೈಯಲ್ಲಿರುವ ನ್ಯಾಯ.

ಹಾಗಾದರೆ ಮಕ್ಕಳು ಈ ಆಟಿಕೆಯನ್ನು ಮುಟ್ಟಲೇಬಾರದೆ ಎಂದು ತಾಯಂದಿರು ಕೇಳಬಹುದು. ಮುಟ್ಟಲಿ, ಆಡಲಿ, ನಗಲಿ; ದೊಡ್ಡವರೂ ಜೊತೆಗೆ ಕುಳಿತು ಅದರ ತಪ್ಪುಗಳನ್ನು ಹುಡುಕಲಿ. ಆದರೆ ಬಣ್ಣದ ಕಡ್ಡಿಯ ಡಬ್ಬಿಯನ್ನು ಅಟ್ಟಕ್ಕೆ ಎಸೆಯುವುದು ಬೇಡ. ಮಗುವು ಬರೆದ ಬೆಕ್ಕಿಗೆ ಐದು ಕಾಲುಗಳಿದ್ದರೂ ಚಿಂತೆಯಿಲ್ಲ. ಅದನ್ನು ಬರೆಯುವುದಕ್ಕೋಸ್ಕರ ಮಗುವು ಬೆಕ್ಕನ್ನು ನೋಡಿರುವುದು. ಅದರ ಮೀಸೆಯು ಯಾವ ಕಡೆಗೆ ಬಾಗಿದೆ, ಮಲಗಿದಾಗ ಬಾಲವು ಎಲ್ಲಿರುವುದು ಎಂಬುದನ್ನು ಗಮನಿಸಿರುವುದು. ಯಂತ್ರವು ಬೆಕ್ಕಿನ ಚಿತ್ರಗಳನ್ನು ಮಾತ್ರ ನೋಡಿದೆ. ಕಹಾಲ್ ಅವರನ್ನು ವಿಜ್ಞಾನಿಯನ್ನಾಗಿ ಮಾಡಿದುದರಲ್ಲಿ ಹೀಗೆ ನೋಡುವ ಅಭ್ಯಾಸದ ಪಾಲೂ ದೊಡ್ಡದು. ಅದನ್ನು ಯಾವ ಯಂತ್ರವೂ ಮಗುವಿನ ಪರವಾಗಿ ಮಾಡಿಕೊಡಲಾರದು.

ಇನ್ನು ಕೈಫೋನಿನಲ್ಲಿ ಬಂದು ಬೀಳುವ ಚಿತ್ರಗಳ ವಿಷಯ. ಅಡುಗೆಮನೆಯಲ್ಲಿ ಉಪ್ಪೂ ಸೋಡವೂ ನೋಡುವುದಕ್ಕೆ ಒಂದೇ ಬಗೆಯಾಗಿರುವುದರಿಂದ ಜಾಣೆಯಾದ ಗೃಹಿಣಿಯು ಡಬ್ಬಿಗಳಿಗೆ ಚೀಟಿಯನ್ನು ಅಂಟಿಸುವಳು. ಪ್ರಯೋಗಶಾಲೆಯಲ್ಲಿಯೂ ಅದೇ ನಿಯಮ: ಚೀಟಿಯಿಲ್ಲದ ಸೀಸೆಯನ್ನು ಯಾರೂ ಬಳಸಕೂಡದು, ಅದರಲ್ಲಿರುವುದು ಗಂಗಾಜಲವೇ ಆಗಿದ್ದರೂ ಸರಿಯೆ. ನಾವು ಯಂತ್ರದಿಂದ ಬರೆಯಿಸಿದ ಚಿತ್ರವನ್ನು ಇತರರಿಗೆ ಕಳುಹಿಸುವಾಗ 'ಇದು ಕಟ್ಟಿದ ಚಿತ್ರ' ಎಂದು ಕೆಳಗೆ ಬರೆಯೋಣ. ಎಲ್ಲಿಂದ ಬಂದಿತೆಂದು ತಿಳಿಯದ, ಕೋಪವನ್ನೋ ಭಯವನ್ನೋ ಎಬ್ಬಿಸುವ ಚಿತ್ರವು ಬಂದರೆ, ಚೀಟಿಯು ಸಿಕ್ಕುವವರೆಗೆ ಅದನ್ನು ಮುಂದಕ್ಕೆ ಸಾಗಿಸದಿರೋಣ. ಇಷ್ಟು ಮಾಡಿದರೆ ಹಪ್ಪಳ ಒಣಗಿಸುವ ಆನೆಯು ನಿಶ್ಚಿಂತೆಯಾಗಿ ಮಾಳಿಗೆಯ ಮೇಲಿರಬಹುದು. ನೆರೆಹೊರೆಯವರ ನಂಬಿಕೆಯೂ ಕೆಡದೆ ಉಳಿಯುವುದು.