ಕೆಂದಳಿರಿನ ತಾರೀಖು

ಚೈತ್ರಮಾಸದಲ್ಲಿ ತುಮರಿಯ ಕಡೆಗೆ ಹೋದವರು ಒಂದು ಸೋಜಿಗವನ್ನು ಕಾಣುತ್ತಾರೆ. ಲಿಂಗನಮಕ್ಕಿಯ ಹಿನ್ನೀರು ಇಳಿಯುತ್ತಿರುತ್ತದೆ. ದಡದ ಕಾಡು ಮಾತ್ರ, ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ, ಚಿಗುರುತ್ತಿರುತ್ತದೆ. ಮಣ್ಣಿನಾಳದ ತೇವವನ್ನು ಬೇರುಗಳು ಒದಗಿಸುವುದರಿಂದ ಇದು ಸಾಧ್ಯ. ಮಾವು, ನಾಗಸಂಪಿಗೆಗಳ ತಳಿರು ಕೆಂಪಾಗಿರುವುದೇಕೆ? ಅದರಲ್ಲಿ ಪತ್ರಹರಿತ್ತು ಇನ್ನೂ ತುಂಬಿರುವುದಿಲ್ಲ. ಆಂಥೋಸಯನಿನ್ ಎಂಬ ಕೆಂಬಣ್ಣ ಎದ್ದು ಕಾಣುತ್ತದೆ. ಎಳೆಯೆಲೆಯನ್ನು ಕಡುಬಿಸಿಲಿನಿಂದ ಅದು ಕಾಪಾಡುತ್ತದೆಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ.

ಯುಗಾದಿಯಂದು ಬೇವುಬೆಲ್ಲ ಸವಿದು, ಮನೆಮಂದಿಯೆಲ್ಲ ಕೂಡಿ ಈ ಸೊಬಗನ್ನು ನೋಡುವುದು ಸಂತೋಷವೇ ಸರಿ. ಆದರೆ ನೋಡಿ ಮರೆತರೆ ಸಾಲದೆಂಬುದು ನನ್ನ ಅಭಿಮತ. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂವರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದವರೆಗೆ ಹೋಗುತ್ತದೆ. ಹೂ ನೋಡಿ ನಲಿದವರ ದಿನಚರಿಗಳೇ ಅದಕ್ಕೆ ಆಧಾರ. 2021ರ ಮಾರ್ಚ್ 26ರಂದು ಹೂಗಳು ತುಂಬಿ ಅರಳಿದಾಗ, ಅದುವರೆಗಿನ ದಾಖಲೆಗಳಲ್ಲೇ ಅದು ಅತಿ ಮುಂಚಿನದೆಂದು ಹೇಳಲು ಸಾಧ್ಯವಾದುದು ಅವುಗಳಿಂದಲೇ.

1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿತು. ಅಲ್ಲಿಯ ಮರಗಳು ಎಂದು ಚಿಗುರುತ್ತಿದ್ದುವೆಂಬುದನ್ನು ಬಲ್ಲ ಹಿರಿಯರು ಈಗ ವಿರಳ. ಅವರೊಡನೆ ಆ ತಿಳಿವೂ ಅಳಿಯುತ್ತದೆ.

ಆದುದರಿಂದ ವಿದ್ಯಾರ್ಥಿಗಳೆ, ಈ ವಸಂತದಲ್ಲಿ ನಿಮ್ಮ ಅಜ್ಜ ಅಜ್ಜಿಯರೊಡನೆ ಒಂದು ಮರವನ್ನು ಆರಿಸಿಕೊಳ್ಳಿರಿ. ಮೊದಲ ತಳಿರು, ಮೊದಲ ಹೂ, ಮೊದಲ ಕಾಯಿ ಕಂಡ ದಿನಗಳನ್ನು ಪ್ರತಿವರ್ಷವೂ ಬರೆದಿಡಿರಿ. ಚಾಂದ್ರಮಾನದ ತಿಥಿ ವರ್ಷದಿಂದ ವರ್ಷಕ್ಕೆ ಸರಿದಾಡುವುದರಿಂದ ಇಂಗ್ಲಿಷ್ ತಾರೀಖನ್ನೂ ಜೊತೆಗೆ ಹಾಕಿರಿ. ನಾಳೆ ನಿಮ್ಮ ಮೊಮ್ಮಕ್ಕಳು ವಸಂತವು ಬದಲಾಯಿತೆ ಎಂದು ಕೇಳಿದರೆ, ಆ ಪುಸ್ತಕವು ಉತ್ತರ ಹೇಳೀತು.