ದ್ರಾಕ್ಷಿಯದಾದರೆ ರಸ, ತೆಂಗಿನದಾದರೆ ಹೆಂಡ?

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಹತ್ತಿರ ಒಂದು ವೈನರಿ ಇದೆ. ರಜೆ ಬಂದರೆ ಬೆಂಗಳೂರಿನವರು ಕಾರು ಮಾಡಿಕೊಂಡು ಬರುತ್ತಾರೆ. ತೊಟ್ಟಿಗಿಳಿದು ದ್ರಾಕ್ಷಿ ತುಳಿಯುತ್ತಾರೆ, ಗ್ಲಾಸು ಎತ್ತಿ ಮೂಸಿ ನೋಡುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನಮಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ದ್ರಾಕ್ಷಿ ಬೆಳೆದವನಿಗೂ ನಾಲ್ಕು ಕಾಸು ಸಿಗಲಿ.

ಆದರೆ ಅದೇ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ 2001ರಲ್ಲಿ ಏನಾಯಿತು? ನಮ್ಮ ಮರದ ನೀರಾ ನಾವು ಇಳಿಸಿಕೊಳ್ಳುತ್ತೇವೆ ಎಂದು ಹೋರಾಟಕ್ಕಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಅವರು ಚಪಲಕ್ಕೆ ಕೇಳಿದ್ದಲ್ಲ. ಆಗ ನುಸಿಪೀಡೆ ಬಂದು ಕಾಯಿ ಕಂದುಗಟ್ಟಿ, ಸೀಳಿ, ಮುಷ್ಟಿಯಷ್ಟಾಗಿತ್ತು. ನಾಗಮಂಗಲದ ಕಡೆಯೂ ತೆಂಗು ನಂಬಿದ ಮನೆಗಳಿಗೆ ಆ ವರ್ಷಗಳು ಇನ್ನೂ ನೆನಪಿವೆ. ಕಾಯಿ ಹೋದರೆ ಹೊಂಬಾಳೆಯ ರಸವಾದರೂ ಕೈಗೆ ಬರಲಿ ಅನ್ನುವುದಷ್ಟೇ ಕೇಳಿಕೆ.

2004ರಲ್ಲಿ ಹೆಂಡ ನಿಷೇಧವಾಯಿತು. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಅದೇ 2007ರಲ್ಲಿ ಸರ್ಕಾರ ವೈನ್ ನೀತಿ ತಂದು, ದ್ರಾಕ್ಷಿಗೆಂದೇ ಒಂದು ಮಂಡಳಿ ಕಟ್ಟಿತು. ಅದರ ಹೆಸರು ನೋಡಿ: ದ್ರಾಕ್ಷಾರಸ ಮಂಡಳಿ. ವೈನ್ ಅನ್ನಲಿಲ್ಲ, ಮದ್ಯ ಅನ್ನಲಿಲ್ಲ, ರಸ! ಅದನ್ನು ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ತೆಂಗೂ ತೋಟಗಾರಿಕೆ ಬೆಳೆಯೇ. ಆದರೆ ಅದರ ರಸದ ಮಾತು ಬಂದರೆ ಮಾತ್ರ ಅಬಕಾರಿ ಇಲಾಖೆ ಬಾಗಿಲಿಗೆ ಹೋಗಿ ನಿಲ್ಲಬೇಕು. ಮುಂದೆ ನೀರಾಕ್ಕೆ ಅವಕಾಶ ಬಂತು, ನಿಜ. ಅದೂ ಬೆಳೆಗಾರರ ಕಂಪನಿ ಕಟ್ಟಿ, ಪರವಾನಗಿ ತಂದರೆ. ಎಂಟು ಮರ ಇಟ್ಟುಕೊಂಡವನು ಎಲ್ಲಿಗೆ ಹೋಗಬೇಕು?

ವೈನ್ ಬಲ್ಲವರು ಒಂದು ಮಾತು ಹೇಳುತ್ತಾರೆ. ಒಳ್ಳೆಯ ವೈನಿಗೆ ಊರಿನ ಗುಣ ಇರುತ್ತದಂತೆ. ಮಣ್ಣು, ಗಾಳಿ, ರಾತ್ರಿಯ ತಂಪು, ಎಲ್ಲವೂ ಬಾಟಲಿಯೊಳಗೆ ಬರುತ್ತವಂತೆ. ನಂದಿ ಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಳಿ ನೆಟ್ಟು ವೈನ್ ಮಾಡಿದವರು ಇದನ್ನೇ ಹೇಳಿ ಹೆಸರು ಮಾಡಿದರು. ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ ಟ್ಯಾಗೂ ಸಿಕ್ಕಿದೆ. ಸರಿ, ಹಾಗಾದರೆ ಹೊಣಕೆರೆ ಸೀಮೆಯ ಗುಣ ಯಾವುದರಲ್ಲಿದೆ? ಬೋರ್‌ವೆಲ್ ಕೊರೆಸಿ, ಕಲ್ಲುಕಂಬ ನೆಟ್ಟು, ತಂತಿ ಎಳೆದು, ರೋಗ ಬಂದಾಗಲೆಲ್ಲ ಔಷಧಿ ಹೊಡೆದು ಬೆಳೆಸುವ ದ್ರಾಕ್ಷಿಯಲ್ಲೋ, ಅಜ್ಜನ ಕಾಲದಿಂದ ಬದುವಿನ ಮೇಲೆ ನಿಂತಿರುವ ತೆಂಗಿನಲ್ಲೋ? ನಮ್ಮದು ಶ್ರೀರಂಗಪಟ್ಟಣದ ಹಾಗೆ ಕಾವೇರಿ ನಾಲೆಯ ಊರಲ್ಲ. ನೀರಾಕ್ಕೆಂದು ಹೊಸದಾಗಿ ಸಸಿ ನೆಡಬೇಕಿಲ್ಲ, ಹೊಸ ಬೋರೂ ಬೇಕಿಲ್ಲ, ಮರಗಳು ಆಗಲೇ ನಿಂತಿವೆ. ಪರಿಸರಸ್ನೇಹಿ ವೈನ್ ಎಂದು ಪೇಟೆಯವರು ಹುಡುಕುತ್ತಿರುವುದು ಇದನ್ನಲ್ಲವೇ?

ಮುಂಜಾನೆ ಇಳಿಸಿದ ನೀರಾ ಸಿಹಿ. ಬಿಸಿಲೇರಿದಂತೆ ನೊರೆ ಬಂದು ಹುಳಿ ಹತ್ತುತ್ತದೆ, ಸಂಜೆಗೆ ಹೆಂಡ. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಈಸ್ಟೇ ಆ ಕೆಲಸ ಮಾಡುತ್ತದೆ. ಮಡಕೆಗೆ ಸುಣ್ಣ ಬಳಿದರೆ ಹುಳಿಯುವುದು ನಿಧಾನ. ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ಐಸ್ ಪೆಟ್ಟಿಗೆಯಲ್ಲೇ ಇಳಿಸುವ ವಿಧಾನ ಕಂಡುಹಿಡಿದು ಅದಕ್ಕೆ ಕಲ್ಪರಸ ಎಂದು ಹೆಸರಿಟ್ಟರು. (ಅವರಿಗೂ ‘ರಸ’ ಅಂದರೇ ಬಚಾವು ಅನ್ನಿಸಿರಬೇಕು.)

ಹೆಂಡ ಮನೆ ಹಾಳುಮಾಡಲಿಲ್ಲವೇ ಎಂದು ಅಕ್ಕಂದಿರು ಕೇಳುತ್ತಾರೆ. ಕೇಳಲೇಬೇಕು, ಕುಡಿತದ ಏಟು ತಿಂದವರು ಅವರೇ. ಕಂಟ್ರಾಕ್ಟರುಗಳ ಕಾಲದ ಕಲಬೆರಕೆ ಹೆಂಡ ಮತ್ತೆ ಬರಲಿ ಎಂದು ನಾವು ಹೇಳುತ್ತಿಲ್ಲ. ಆದರೆ ಹೆಂಡ, ಸಾರಾಯಿ ನಿಂತ ಮೇಲೆ ಹಳ್ಳಿಯಲ್ಲಿ ಕುಡಿತ ನಿಂತಿತೇ? ಶೇ 4–6ರಷ್ಟು ಆಲ್ಕೊಹಾಲ್ ಇರುವ ಹೆಂಡ ಹೋಗಿ ಶೇ 42.8ರ ವಿಸ್ಕಿ ಬಂತು. ಅದನ್ನು ಮಾರಲು ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆ ಬಂತು. ದುಡ್ಡು ಮಾತ್ರ ಊರು ಬಿಟ್ಟು ಹೋಯಿತು.

ಗೋವಾ ತನ್ನ ಗೋಡಂಬಿ ಹಣ್ಣಿನ ಫೆನಿಗೆ 2009ರಲ್ಲೇ ಜಿಐ ಪಡೆಯಿತು, 2016ರಲ್ಲಿ ಅದನ್ನು ಪರಂಪರೆಯ ಪಾನೀಯ ಅಂದಿತು. ಕೇರಳದಲ್ಲಿ ಹೆಂಡದಂಗಡಿಗೆ ಲೈಸೆನ್ಸ್ ಇದೆ. ನಮ್ಮ ರಾಜ್ಯದಲ್ಲೇ ದಕ್ಷಿಣ ಕನ್ನಡ, ಉಡುಪಿಯಲ್ಲಿ ಹೆಂಡ ಇಳಿಸಬಹುದು. ಘಟ್ಟದ ಕೆಳಗೆ ಕಸುಬಾದದ್ದು ಮೇಲೆ ಬಂದರೆ ಅಪರಾಧ ಹೇಗಾಗುತ್ತದೆ? ಹಳೇ ಮೈಸೂರಿನ ಕಂದಾಯ ದಾಖಲೆಗಳಲ್ಲಿ ‘ಸೇಂದಿವನ’ ಅಂತ ಜಮೀನೇ ಇದೆ. ಹೆಂಡದ ಈಚಲಿಗೆಂದು ದೊರೆಗಳ ಕಾಲದಲ್ಲಿ ಬಿಟ್ಟ ಜಾಗ ಅದು.

ನಾವು ಕೇಳುವುದು ಇಷ್ಟೆ. ದ್ರಾಕ್ಷಿಗೆ ಇರುವ ನಿಯಮ ತೆಂಗಿಗೂ ಇರಲಿ. ನೀರಾ ತೋಟಗಾರಿಕೆ ಇಲಾಖೆಗೆ ಬರಲಿ, ಸಣ್ಣ ರೈತನಿಗೆ ನೇರ ಪರವಾನಗಿ ಸಿಗಲಿ. ಹುಳಿ ಬಂದದ್ದನ್ನು ಪರೀಕ್ಷೆ ಮಾಡಿ, ಸೀಲ್ ಹಾಕಿ, ವೈನರಿಯವರು ಮಾರುವ ಹಾಗೆ ತೋಟದ ಬಾಗಿಲಲ್ಲೇ ಮಾರಲು ಬಿಡಲಿ. ಕಲಬೆರಕೆ ಮಾಡಿದವನನ್ನು ಒಳಗೆ ಹಾಕಲಿ, ನಮ್ಮ ತಕರಾರಿಲ್ಲ.

ಹೊಂಬಾಳೆ ಕಟ್ಟಿ, ತಟ್ಟಿ, ತುದಿ ಕೊಯ್ದು ರಸ ಇಳಿಸುವ ಕೈಕೆಲಸ ಬಲ್ಲವರು ನಮ್ಮ ಕಡೆ ಈಗ ಬೆರಳೆಣಿಕೆಯಷ್ಟು ಮಂದಿ, ಅವರೂ ಅರವತ್ತು ದಾಟಿದವರು. ನಿಯಮ ಬದಲಾಗುವುದಿದ್ದರೆ ಅವರು ಇನ್ನೂ ಮರ ಹತ್ತುತ್ತಿರುವಾಗಲೇ ಬದಲಾಗಲಿ.